ಕಂಟೇನರ್ ಕುತ್ತಿಗೆ ಮೇಲಿನ ಹಿಮ

ಸವಣೂರು ಸುತ್ತಲಿನ ಹಳ್ಳಿಗಳಲ್ಲಿ ಆಕಳು, ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ಕೆಲಸ. ಬೈಕ್ ಹಿಂದೆ ಮೂರು ಲೀಟರಿನ ಕಂಟೇನರ್ ಕಟ್ಟಿಕೊಂಡು ಓಡಾಡುತ್ತೇನೆ. ಹೊರಗೆ ಹಾವೇರಿಯ ಏಪ್ರಿಲ್ ಬಿಸಿಲು. ಒಳಗೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕ, ಅದರಲ್ಲಿ ಮುಳುಗಿದ ಸ್ಟ್ರಾಗಳು, ಅಂದರೆ ಹೋರಿಯ ವೀರ್ಯ ತುಂಬಿದ ಸಣ್ಣ ಕೊಳವೆಗಳು. ನಡುವೆ ಎರಡು ಅಲ್ಯೂಮಿನಿಯಂ ಗೋಡೆ, ಆ ಗೋಡೆಗಳ ಮಧ್ಯೆ ಗಾಳಿ ತೆಗೆದ ಜಾಗ. ಬಿಸಿಲನ್ನು ತಡೆಯುವುದೇ ಆ ಖಾಲಿ ಜಾಗ.

ಕೆಲಸಕ್ಕೆ ಸೇರಿದ ಎರಡನೇ ಬೇಸಿಗೆ. ಹೊಲದ ದಾರಿಯಲ್ಲಿ ಬೈಕ್ ಬಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಕಂಟೇನರ್ ಕುತ್ತಿಗೆ ಹೊರಗೆ ಬೆವತಿದೆ, ಮೇಲೆ ತೆಳ್ಳಗೆ ಬಿಳಿ ಹಿಮ. ಒಳಗೆ ಚೆನ್ನಾಗಿ ತಣ್ಣಗಿದೆ ಅಂದುಕೊಂಡೆ. ಆದರೆ ಒಳ್ಳೆ ಕಂಟೇನರ್ ಹೊರಗೆ ಒಣಗಿರಬೇಕು. ಹಿಮ ಕಂಡಿತು ಅಂದರೆ ಆ ಖಾಲಿ ಜಾಗಕ್ಕೆ ಗಾಳಿ ನುಗ್ಗಿದೆ ಅಂತಲೇ ಅರ್ಥ. ಎರಡು ದಿನ ಬಿಟ್ಟು ಅಳತೆ ಕಡ್ಡಿ ಇಳಿಸಿದೆ. ಹೊರಗೆ ತೆಗೆದು ಆಡಿಸಿದರೂ ಬಿಳಿ ಗೆರೆ ಮೂಡಲಿಲ್ಲ. ಸಾರಜನಕ ಖಾಲಿ. ಬೇರೆ ಕಂಟೇನರಿಗೆ ಹಾಕಿ, ಹೊಸದಾಗಿ ತುಂಬಿಸಿ, ಅದೇ ಸ್ಟ್ರಾಗಳನ್ನು ಬಳಸಿದೆ.

21 ದಿನಕ್ಕೆ ಫೋನ್ ಶುರುವಾದವು. 'ಸರ್, ಎಮ್ಮಿ ಮತ್ತ ಬೆದಿಗಿ ಬಂದೈತ್ರಿ.' ಅಂದರೆ ಗರ್ಭ ನಿಂತಿಲ್ಲ. ಒಂದಲ್ಲ, ಏಳು ಮನೆ.

ಪಶುವೈದ್ಯರ ಹತ್ತಿರ ಓಡಿದೆ. ಅವರು ಒಂದು ಸ್ಟ್ರಾವನ್ನು 37 ಡಿಗ್ರಿ ನೀರಿನಲ್ಲಿ 30 ಸೆಕೆಂಡ್ ಇಟ್ಟು, ಒಂದು ಹನಿ ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ವೀರ್ಯಾಣುಗಳು ಇರುವೆ ಗೂಡಿನ ಹಾಗೆ ಮಿಸುಕಾಡಬೇಕಿತ್ತು. ಒಂದೂ ಅಲುಗಲಿಲ್ಲ. ಮೈನಸ್ 130ರಿಂದ ಮೇಲೇರಿದರೆ ಒಳಗಿನ ಸಣ್ಣ ಹಿಮದ ಹರಳುಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ, ಜೀವಕೋಶದ ಪೊರೆ ಹರಿಯುತ್ತವೆ. ಮತ್ತೆ ತಣ್ಣಗಾದರೆ ಆ ಹರುಕು ಕೂಡುವುದಿಲ್ಲ. ಸ್ಟ್ರಾ ಮಾತ್ರ ಅದೇ ಬಣ್ಣ, ಮೇಲೆ ಅದೇ ಹೋರಿಯ ನಂಬರ್.

ಈಗ ದಿನಾ ಬೆಳಿಗ್ಗೆ ಮೊದಲು ಕುತ್ತಿಗೆ ಮೇಲೆ ಕೈ ಆಡಿಸುತ್ತೇನೆ, ಆಮೇಲೆ ಕಡ್ಡಿ. ಸ್ಟ್ರಾ ತೆಗೆಯುವಾಗ ಅವನ್ನಿಟ್ಟ ಒಳಗಿನ ಡಬ್ಬಿಯನ್ನು ಕುತ್ತಿಗೆಗಿಂತ ಮೇಲೆ ಎತ್ತುವುದಿಲ್ಲ. ಸಾರಜನಕ ಉಳಿಯಲಿ ಅಂತ ಕೆಲವರು ಮುಚ್ಚಳಕ್ಕೆ ಬಟ್ಟೆ ಬಿಗಿಯುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಕಂಟೇನರ್ ಸಿಡಿಯುತ್ತದೆ. ಇಡುವ ಕೋಣೆಯ ಕಿಟಕಿಯೂ ತೆರೆದಿರಲಿ.

ಆ ಏಳೂ ಮನೆಗೆ ಹೋಗಿ ತಪ್ಪು ನನ್ನದೇ ಅಂತ ಹೇಳಿದೆ. ಒಬ್ಬ ಅಜ್ಜಿಗೆ ಆ ಎಮ್ಮೆ ಹಾಲೇ ಸಂಸಾರ. ಮುಂದಿನ ಬೆದೆಗೆ ಬೆಳಿಗ್ಗೆ ಆರಕ್ಕೇ ಅವರ ಕೊಟ್ಟಿಗೆಯಲ್ಲಿದ್ದೆ, ದುಡ್ಡು ತಗೊಳ್ಳಲಿಲ್ಲ.