ಬೆನ್ನಿಗೆ ಅಂಟಿಸಿಕೊಂಡ ಹೆಸರುಗಳು

ಬ್ರಿಟನ್ನಿನಲ್ಲಿ ಬೇಸಿಗೆ ಬಂತೆಂದರೆ ಊರೂರಿನ ಉದ್ಯಾನಗಳಲ್ಲಿ ‘ರೇಸ್ ಫಾರ್ ಲೈಫ್’ ಎಂಬ ಓಟ ನಡೆಯುತ್ತದೆ. 1994ರಲ್ಲಿ ಲಂಡನ್ನಿನ ಬ್ಯಾಟರ್‌ಸೀ ಪಾರ್ಕಿನಲ್ಲಿ 680 ಹೆಂಗಸರು ಓಡುವುದರೊಂದಿಗೆ ಆರಂಭವಾದ ಈ ಓಟವನ್ನು ಈಗ ಕ್ಯಾನ್ಸರ್ ರಿಸರ್ಚ್ ಯುಕೆ ಸಂಸ್ಥೆ ನಡೆಸುತ್ತದೆ, ಕೂಡಿದ ಹಣ ಸಂಶೋಧನೆಗೆ ಹೋಗುತ್ತದೆ. ಎಲ್ಲೆಲ್ಲೂ ಗುಲಾಬಿ ಬಣ್ಣವೇ ಇರುವುದರಿಂದ ಇದು ಸ್ತನ ಕ್ಯಾನ್ಸರಿಗೆ ಮಾತ್ರ ಸಂಬಂಧಿಸಿದ್ದೆಂದು ಹಲವರು ತಿಳಿಯುತ್ತಾರೆ. ವಾಸ್ತವದಲ್ಲಿ ಎಲ್ಲ ಬಗೆಯ ಕ್ಯಾನ್ಸರುಗಳ ಸಂಶೋಧನೆಗೂ ಆ ಹಣ ಸಲ್ಲುತ್ತದೆ. 2019ರಲ್ಲಿ ಗಂಡಸರಿಗೂ ಅವಕಾಶ ಕೊಡುವವರೆಗೆ ಇದು ಹೆಂಗಸರಿಗಷ್ಟೇ ಮೀಸಲಾಗಿತ್ತು. ನಾನು ಗೆಳತಿಯರಿಬ್ಬರೊಂದಿಗೆ ಮ್ಯಾಂಚೆಸ್ಟರಿನ ಹೀಟನ್ ಪಾರ್ಕಿನಲ್ಲಿ ಓಡಿದ್ದು ಅದಕ್ಕೂ ಮುಂಚೆ.

ಹೆಸರು ಕೊಡಿಸಿದ್ದು ಪಕ್ಕದ ಮನೆಯ ನಿವೃತ್ತ ನರ್ಸ್. ಮೂರನೆಯವಳು ಹಾಸನದ ಕಡೆಯ ನನ್ನ ಗೆಳತಿ. ಅವಳಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಶಸ್ತ್ರಚಿಕಿತ್ಸೆಯಾಗಿ, ಕ್ರಿಸ್ಟಿ ಆಸ್ಪತ್ರೆಯಲ್ಲಿ ಕೀಮೋ ಮತ್ತು ರೇಡಿಯೇಷನ್ ಮುಗಿದಿದ್ದವು. ಈ ಸಂಗತಿ ಅವಳ ಗಂಡನಿಗೆ, ತಾಯಿಗೆ ಮತ್ತು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಉಳಿದವರ ಪಾಲಿಗೆ ಅದು ‘ರಕ್ತಹೀನತೆ’ ಆಗಿತ್ತು. ನಮ್ಮ ಮನೆಗಳಲ್ಲಿ ಆ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಹೇಳಿದರೆ ಮಗಳ ಮದುವೆಗೆ ತೊಡಕಾಗುತ್ತದೆ ಎಂಬ ಲೆಕ್ಕಾಚಾರ ಬೇರೆ.

ಹೀಗಾಗಿ ಅವಳಿಗೆ ಐದು ಕಿಲೋಮೀಟರ್ ದೊಡ್ಡದೆನಿಸಲಿಲ್ಲ, ದೇಣಿಗೆ ಕೇಳುವುದು ದೊಡ್ಡದೆನಿಸಿತು. ಈ ಓಟದಲ್ಲಿ ಪರಿಚಿತರೆಲ್ಲರಿಗೂ ಹೇಳಿ ಹಣ ಕೂಡಿಸಬೇಕು, ಕೇಳಿದರೆ ‘ಯಾಕೆ ಓಡುತ್ತಿದ್ದೀರಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ನಾನು ನನ್ನ ಹೆಸರಿನಲ್ಲಿ ಮಾತ್ರ ಕೇಳಿದೆ, ಅವಳು ಸುಮ್ಮನಿದ್ದಳು.

ಅಭ್ಯಾಸದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಅಶ್ವಿನಿ ನಾಚಪ್ಪನವರು ಪಿ.ಟಿ. ಉಷಾ ಅವರನ್ನು ಹಿಂದಿಕ್ಕಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಹಿಗ್ಗಿದ ತಲೆಮಾರು ನಮ್ಮದು. ಆದರೆ ಹೈಸ್ಕೂಲಿಗೆ ಕಾಲಿಟ್ಟ ಮೇಲೆ ನಾವಿಬ್ಬರೂ ಓಡಿದ್ದರೆ ಅದು ಬಸ್ಸು ಹಿಡಿಯುವುದಕ್ಕೆ ಮಾತ್ರ.

ಓಟದ ದಿನ ಬೆಳಿಗ್ಗೆ ಟ್ರಾಮಿನ ತುಂಬ ಗುಲಾಬಿ ಅಂಗಿ, ಗುಲಾಬಿ ಟೋಪಿ, ಗುಲಾಬಿ ರೆಕ್ಕೆ. ಹೆಣ್ತನವೆಂದರೆ ಈ ಒಂದೇ ಬಣ್ಣವೇ ಎಂದು ನನಗೆ ಇಂದಿಗೂ ಕಿರಿಕಿರಿಯಿದೆ. ಆದರೆ ಪಾರ್ಕಿನಲ್ಲಿ ಇಳಿದು, ಹೆಂಗಸರು ಒಬ್ಬರ ಬೆನ್ನಿಗೊಬ್ಬರು ಚೀಟಿ ಚುಚ್ಚಿಕೊಳ್ಳುವುದನ್ನು ನೋಡಿದಾಗ ಆ ಗೊಣಗಾಟ ನಿಂತಿತು. ಯಾರಿಗಾಗಿ ಓಡುತ್ತಿದ್ದೇವೆ ಎಂಬುದನ್ನು ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಬರೆದು ಬೆನ್ನಿಗೆ ಹಾಕಿಕೊಳ್ಳುವುದು ಇಲ್ಲಿನ ಪದ್ಧತಿ. ‘ಅಮ್ಮನಿಗೆ’, ‘ಅಜ್ಜಿಗೆ’, ‘ನನ್ನ ಅವಳಿ ಅಕ್ಕನಿಗೆ’, ಒಬ್ಬ ಪುಟ್ಟ ಹುಡುಗಿಯ ಬೆನ್ನಿನ ಮೇಲೆ ಸೊಟ್ಟ ಅಕ್ಷರದಲ್ಲಿ ‘ನಮ್ಮ ಮಿಸ್‌ಗೆ’. ನಾನು ದೊಡ್ಡಮ್ಮನ ಹೆಸರು ಬರೆದೆ. ನರ್ಸಮ್ಮ ತಾನು ಆರೈಕೆ ಮಾಡಿದ ರೋಗಿಗಳ ಹೆಸರುಗಳನ್ನು ಜಾಗ ಸಾಲದೆ ಅಂಚಿನಲ್ಲೂ ತುಂಬಿದ್ದರು. ಗೆಳತಿ ಪೆನ್ನನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, ಕೊನೆಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ನನಗಾಗಿ’ ಎಂದು ಬರೆದು, “ಚುಚ್ಚೇ, ಬೇಗ, ಮನಸ್ಸು ಬದಲಾಗೋದರೊಳಗೆ” ಎಂದು ಬೆನ್ನು ತಿರುಗಿಸಿದಳು. ತಂದಿದ್ದ ಪಿನ್ನು ಸಾಲಲಿಲ್ಲ. ಅವಳು ಕರಿಮಣಿ ಸರಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನೇ ಬಿಚ್ಚಿ ಕೊಟ್ಟಳು; ನರ್ಸಮ್ಮನಿಗೆ ಆ ಏರ್ಪಾಡು ಬಹಳ ಮೆಚ್ಚಿಗೆಯಾಯಿತು.

ಹೀಟನ್ ಪಾರ್ಕು ಸಮತಟ್ಟಲ್ಲ. ಮ್ಯಾಂಚೆಸ್ಟರ್ ನಗರದ ಅತಿ ಎತ್ತರದ ಜಾಗ ಇರುವುದೇ ಅದರೊಳಗೆ. ಮೊದಲ ಏರಿನಲ್ಲೇ ಓಟ ನಡಿಗೆಯಾಯಿತು, ಯಾರಿಗೂ ಅದರ ಬಗ್ಗೆ ಸಂಕೋಚವಿರಲಿಲ್ಲ, ಏಕೆಂದರೆ ಅಲ್ಲಿ ಗೆಲ್ಲುವವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಳ್ಳುಗಾಡಿಯಲ್ಲಿ ಕೂಸನ್ನು ಕೂರಿಸಿಕೊಂಡವರು, ಊರುಗೋಲಿನವರು, ಕೀಮೋದಿಂದ ಕೂದಲು ಉದುರಿದ ತಲೆಗೆ ರುಮಾಲು ಕಟ್ಟಿದವರು ಎಲ್ಲರೂ ಮುಂದೆ ಸಾಗುತ್ತಿದ್ದರು. ತನ್ನ ಚೀಟಿ ತನಗೆ ಕಾಣದು, ಮುಂದಿನವರದ್ದನ್ನು ಓದುತ್ತಲೇ ಹೋಗಬೇಕು. ಹಿಂದಿನಿಂದ ಬಂದವರು ಗೆಳತಿಯ ಬೆನ್ನನ್ನು ಓದಿ, ಹೆಗಲು ತಟ್ಟಿ, “ಭೇಷ್, ಮುಂದೆ ನಡಿಯಮ್ಮ” ಎಂಬರ್ಥದ ಮಾತಾಡಿ ದಾಟುತ್ತಿದ್ದರು. ಮೊದಮೊದಲು ಬೆಚ್ಚಿಬೀಳುತ್ತಿದ್ದವಳು, ಸರೋವರದ ಪಕ್ಕ ಬರುವಷ್ಟರಲ್ಲಿ ಯಾರೋ ಅಪರಿಚಿತಳೊಂದಿಗೆ ಡ್ರೆಸ್ಸಿಂಗ್ ಬದಲಿಸುವಾಗಿನ ಫಜೀತಿಯನ್ನು ಹೇಳಿಕೊಂಡು ಜೋರಾಗಿ ನಗುತ್ತಿದ್ದಳು. ಎರಡು ವರ್ಷ ನಮ್ಮಿಬ್ಬರ ಬಳಿಯೂ ಆಡದ ಮಾತು ಅದು. ನನಗೆ ಕೊಂಚ ಹೊಟ್ಟೆಕಿಚ್ಚಾಯಿತೆಂದರೆ ಸುಳ್ಳಲ್ಲ.

ಕೊನೆಯ ಇಳಿಜಾರಿನಲ್ಲಿ ಮೂವರೂ ಕೈ ಹಿಡಿದುಕೊಂಡು ಓಡಿದೆವು. ಕೊರಳಿಗೆ ಪದಕ ಬಿದ್ದ ಮೇಲೆ ಹುಲ್ಲಿನ ಮೇಲೆ ಕುಳಿತು ಡಬ್ಬಿಯಲ್ಲಿದ್ದ ಚಿತ್ರಾನ್ನ ಖಾಲಿ ಮಾಡಿದೆವು. ನರ್ಸಮ್ಮ ಮೆಣಸಿನಕಾಯಿಗೆ ಹೆದರದೆ ಎರಡನೆಯ ಸಲವೂ ಹಾಕಿಸಿಕೊಂಡರು.

ಸಂಜೆ ಗೆಳತಿ ತನ್ನ ಬೆನ್ನಿನ ಫೋಟೊವನ್ನು ಕನ್ನಡದವರ ಗುಂಪಿಗೂ, ಊರಿನ ನೆಂಟರ ಗುಂಪಿಗೂ ಹಾಕಿದಳು. ದೇಣಿಗೆ ನಾನು ಕೇಳಿದ್ದಕ್ಕಿಂತ ಹೆಚ್ಚೇ ಬಂತು. ಮರುದಿನ ಹಾಸನದಿಂದ ಅವಳ ಚಿಕ್ಕಮ್ಮ ಫೋನು ಮಾಡಿ, ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ಚೆನ್ನಾಗಿ ಬೈದು, ಆಮೇಲೆ ಗಂಟು ಕೈಗೆ ಹೇಗೆ ಸಿಗುತ್ತದೆ, ನೋವಿರುತ್ತದೆಯೇ ಎಂದು ಬಿಡಿಸಿ ಬಿಡಿಸಿ ಕೇಳಿದರಂತೆ. “ಬಹಳ ಸಲ ನೋವೇ ಇರೋಲ್ಲ ಚಿಕ್ಕಮ್ಮ, ಅದಕ್ಕೇ ನಾವು ತಡ ಮಾಡೋದು, ನಾಳೆಯೇ ಡಾಕ್ಟರಿಗೆ ತೋರಿಸಿ” ಎಂದಳು ಇವಳು. ಚಿಕ್ಕಮ್ಮನ ಮಗಳು ಆ ವಾರವೇ ಕೆಲಸಕ್ಕೆ ರಜೆ ಹಾಕಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು.