ಎಡ್ನಾ ಪರ್‌ವೈಯನ್ಸ್ ಹಾದಿಯಲ್ಲಿ: ನೈಲ್ಸ್‌ನಿಂದ ಲಾ ಬ್ರಿಯಾವರೆಗೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಕನ್ನಡದ ಮನೆಗಳಿಗೇನೂ ಕಡಿಮೆಯಿಲ್ಲ. ಮಕ್ಕಳ ಮನೆಗೆಂದು ಊರಿಂದ ಬಂದು ತಿಂಗಳುಗಟ್ಟಲೆ ಉಳಿಯುವ ಅಪ್ಪ-ಅಮ್ಮಂದಿರಿಗೆ ಗೋಲ್ಡನ್ ಗೇಟ್ ಸೇತುವೆ, ಲಿವರ್‌ಮೋರ್ ದೇವಸ್ಥಾನ ತೋರಿಸಿ ಮುಗಿದ ಮೇಲೆ ಮುಂದೆಲ್ಲಿಗೆ ಎಂಬ ಯೋಚನೆ ಬರುತ್ತದೆ. ಅದೇ ಊರಿನ ಅಂಚಿನಲ್ಲಿ, ಗುಡ್ಡದ ಬುಡದಲ್ಲಿ ನೈಲ್ಸ್ ಇದೆ. 1956ರಲ್ಲಿ ಐದು ಊರುಗಳು ಕೂಡಿ ಫ್ರೀಮಾಂಟ್ ಆಗುವ ತನಕ ಅದು ಬೇರೆಯೇ ಊರಾಗಿತ್ತು.

1915ರ ಮೊದಲ ತಿಂಗಳುಗಳಲ್ಲಿ ಚಾರ್ಲಿ ಚಾಪ್ಲಿನ್ ನೈಲ್ಸ್‌ನ ಎಸ್ಸನೇ ಸ್ಟುಡಿಯೋದಲ್ಲಿದ್ದು ಐದು ಚಿತ್ರ ಮಾಡಿದರು ಎಂಬುದನ್ನು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಐದರಲ್ಲೂ ಅವರ ಎದುರು ನಿಂತವರು ಎಡ್ನಾ ಪರ್‌ವೈಯನ್ಸ್. ಅದಕ್ಕೆ ಮೊದಲು ಒಂದು ಸಿನಿಮಾದಲ್ಲೂ ಕಾಣಿಸಿಕೊಂಡಿರದ ಈಕೆ, 1923ರೊಳಗೆ ಚಾಪ್ಲಿನ್ ಅವರ 30ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಆಕೆಯನ್ನು ಚಾಪ್ಲಿನ್ ಕಥೆಯ ಅಡಿಟಿಪ್ಪಣಿ ಮಾಡಿಬಿಟ್ಟಿರುವುದು ಅನ್ಯಾಯ ಎಂದೇ ನಮ್ಮ ಅಭಿಪ್ರಾಯ. ಆಕೆಯ ಜಾಡು ಹಿಡಿದು ಹೊರಟರೆ ಅದು ಚೆನ್ನಾಗಿ ಮನವರಿಕೆಯಾಗುತ್ತದೆ.

ನೈಲ್ಸ್‌ಗೆ ಮಿಷನ್ ಬುಲೆವಾರ್ಡ್ ಕಡೆಯಿಂದ ಬನ್ನಿ. ಗುಡ್ಡದ ಮೇಲೆ ಊರ ಹೆಸರಿನ ದೊಡ್ಡ ಬಿಳಿ ಅಕ್ಷರಗಳು ದೂರದಿಂದಲೇ ಕಾಣುತ್ತವೆ. ಮುಖ್ಯರಸ್ತೆಯಾದ ನೈಲ್ಸ್ ಬುಲೆವಾರ್ಡ್‌ನಲ್ಲೇ ಎಸ್ಸನೇ ಮೂಕಿಚಿತ್ರ ಮ್ಯೂಸಿಯಂ ಇದೆ. ತೆರೆದಿರುವುದು ವಾರಾಂತ್ಯದಲ್ಲಿ ಮಾತ್ರ, ಅದೂ ಮಧ್ಯಾಹ್ನದ ಕೆಲವು ತಾಸು. ವಾರದ ನಡುವೆ ಹೋದರೆ ಮುಚ್ಚಿದ ಬಾಗಿಲು ನೋಡಿಕೊಂಡು ಬರಬೇಕಾದೀತು. ಶನಿವಾರ ಮಧ್ಯಾಹ್ನ ಹೋಗಿ, ಮ್ಯೂಸಿಯಂ ನೋಡಿ, ಊರು ಸುತ್ತಿ, ಸಂಜೆಯ ಪ್ರದರ್ಶನಕ್ಕೆ ಕೂರುವುದು ಸರಿಯಾದ ಕ್ರಮ. ಮೂಲ ಸ್ಟುಡಿಯೋ ಈಗಿಲ್ಲ. 1916ರಲ್ಲಿ ಅದು ಬಾಗಿಲು ಹಾಕಿತು, 1933ರಲ್ಲಿ ಕಟ್ಟಡವನ್ನೇ ಕೆಡವಿದರು. ನಟರಿಗೆಂದು ಕಟ್ಟಿಸಿದ ಕೆಲವು ಪುಟ್ಟ ಮನೆಗಳು ಮಾತ್ರ ಹಿಂಬದಿಯ ಸೆಕೆಂಡ್ ಸ್ಟ್ರೀಟ್‌ನಲ್ಲಿ ಉಳಿದಿವೆ. ಅಲ್ಲಿ ಜನ ವಾಸವಿದ್ದಾರೆ, ರಸ್ತೆಯಿಂದಲೇ ನೋಡಿ.

ಸಂಜೆಯ ಚಿತ್ರ ನಡೆಯುವುದು ಮ್ಯೂಸಿಯಂನ ಎಡಿಸನ್ ಥಿಯೇಟರಿನಲ್ಲಿ. ಅದು 1913ರ ಕಾಲದ್ದು. ಪರದೆಯ ಪಕ್ಕದಲ್ಲಿ ಕೂತವರು ಪಿಯಾನೋ ನುಡಿಸುತ್ತಾರೆ. ಮೂಕಿಚಿತ್ರವನ್ನು ಟಿವಿಯಲ್ಲಿ ಮಾತ್ರ ಕಂಡವರಿಗೆ ಇಲ್ಲಿ ಮೊದಲು ಬೆರಗಾಗುವುದು ವೇಗದ ವಿಷಯದಲ್ಲಿ: ಜನ ಮಾಮೂಲಿಯಾಗಿಯೇ ನಡೆಯುತ್ತಿರುತ್ತಾರೆ! ಆಗ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ಸೆಕೆಂಡಿಗೆ ಹೆಚ್ಚುಕಡಿಮೆ 16 ಫ್ರೇಮ್. 35 ಎಂ.ಎಂ. ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮ್ ಇರುವುದರಿಂದ, ಆ ವೇಗದಲ್ಲಿ 1000 ಅಡಿಯ ರೀಲು ಓಡಲು 16 ನಿಮಿಷ 40 ಸೆಕೆಂಡು ಬೇಕು. ಅದನ್ನೇ ಟಾಕಿ ಪ್ರೊಜೆಕ್ಟರಿನಲ್ಲಿ 24 ಫ್ರೇಮಿನ ವೇಗಕ್ಕೆ ಹಾಕಿದರೆ 11 ನಿಮಿಷಕ್ಕೆಲ್ಲ ಮುಗಿದುಹೋಗುತ್ತದೆ. ಚಾಪ್ಲಿನ್ ಅವರ ಬೀಳುವ ಏಳುವ ಆಟ ಈ ಹೊಡೆತವನ್ನು ಹೇಗೋ ತಾಳಿಕೊಳ್ಳುತ್ತದೆ. ಎಡ್ನಾ ಅಭಿನಯ ತಾಳುವುದಿಲ್ಲ. ಆಕೆ ಒಂದು ನೋಟ ಎತ್ತಿ, ತಡೆದು, ಇಳಿಸುವುದರಲ್ಲೇ ಕೆಲಸ ಮುಗಿಸುವವರು. ಆ ತಡೆ ಮಾಯವಾದರೆ ಅಭಿನಯವೇ ಮಾಯ. ಆಮೇಲೆ ಧ್ವನಿಪಟ್ಟಿ ಸೇರಿಸಿ ತೆಗೆದ ಪ್ರಿಂಟುಗಳಲ್ಲಿ ಇನ್ನೊಂದು ತೊಂದರೆ: ಆ ಪಟ್ಟಿಗೆ ಜಾಗ ಮಾಡಲು ಚಿತ್ರದ ಎಡಗಡೆಯ ಅಂಚನ್ನೇ ಕತ್ತರಿಸುತ್ತಿದ್ದರು. ಅಂಚಿನಲ್ಲಿ ನಿಂತವರ ಅರ್ಧ ಭುಜ ಹೋಗಿಬಿಡುತ್ತದೆ.

ಆಕೆಯ ಕೂದಲು ಚಿನ್ನದ ಬಣ್ಣದ್ದು. ಆಗಿನ ಫಿಲ್ಮಿಗೆ ನೀಲಿ ಬೆಳಕು ಚೆನ್ನಾಗಿ ತಗಲುತ್ತಿತ್ತು, ಕೆಂಪು ತಗಲುತ್ತಲೇ ಇರಲಿಲ್ಲ. ಹಾಗಾಗಿ ಕೆಂಪು ತುಟಿ ಕಪ್ಪಾಗಿ, ಹೊಂಬಣ್ಣದ ಕೂದಲು ಮಂಕಾಗಿ ಬರುತ್ತಿತ್ತು. ಹಿಂದಿನಿಂದ ಬೆಳಕು ಬಿದ್ದ ದೃಶ್ಯಗಳಲ್ಲಿ ಮಾತ್ರ ಕೂದಲ ಅಂಚು ಹೊಳೆಯುತ್ತದೆ. ಗಮನಿಸಿ ನೋಡಿ.

ಮಾರನೆಯ ದಿನ ನೈಲ್ಸ್ ಕಣಿವೆಗೆ. ‘ದಿ ಟ್ರ್ಯಾಂಪ್’ ಚಿತ್ರದ ಕೊನೆಯಲ್ಲಿ ಅಲೆಮಾರಿ ಒಬ್ಬನೇ ನಡೆದುಹೋಗುವ ದಾರಿ ಇಲ್ಲಿಯದೇ. ಈಗ ಅದು 84ನೇ ಹೆದ್ದಾರಿ: ಕಿರಿದು, ತಿರುವು ಹೆಚ್ಚು, ಕಾಲುದಾರಿ ಇಲ್ಲ. ಫೋಟೋಕ್ಕೆಂದು ಕಾರು ನಿಲ್ಲಿಸಿ ರಸ್ತೆಗಿಳಿಯಬೇಡಿ. ಸುನೋಲ್ ನಿಲ್ದಾಣದಿಂದ ನೈಲ್ಸ್ ಕಣಿವೆಯ ಹಳೇ ರೈಲು ಹತ್ತಿದರೆ ನಿಶ್ಚಿಂತೆಯಾಗಿ ಎಲ್ಲ ನೋಡಬಹುದು. ಅದೂ ಮುಖ್ಯವಾಗಿ ವಾರಾಂತ್ಯದ ಸೇವೆಯೇ. 1869ರಲ್ಲಿ ಅಮೆರಿಕದ ಪೂರ್ವವನ್ನು ಪಶ್ಚಿಮ ಕರಾವಳಿಗೆ ಜೋಡಿಸಿದ ಹಳಿಯ ಜಾಡು ಇದು. ಎಡ್ನಾ ಬೆಳೆದ ನೆವಾಡಾದ ಲವ್‌ಲಾಕ್ ಊರೂ ಅದೇ ಜಾಡಿನ ಮೇಲಿದೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೋಡುವುದು ಎರಡೇ. ಯೂನಿಯನ್ ಸ್ಕ್ವೇರ್ ಎದುರಿನ ಸೇಂಟ್ ಫ್ರಾನ್ಸಿಸ್ ಹೋಟೆಲಿನಲ್ಲಿ ಚಾಪ್ಲಿನ್ ಆಕೆಯನ್ನು ಮೊದಲ ಬಾರಿ ಭೇಟಿಯಾದರು. ಚೆಲುವೆ, ಆದರೆ ತೀರಾ ಗಂಭೀರ, ಹಾಸ್ಯಕ್ಕೆ ಒಗ್ಗುವವಳೋ ಇಲ್ಲವೋ ಎಂಬ ಅನುಮಾನ ಅವರಿಗಿತ್ತು. ಆ ಗಾಂಭೀರ್ಯವೇ ಮುಂದೆ ಅವರ ಹಾಸ್ಯಕ್ಕೆ ನೆಲೆಯಾಯಿತು. ಎರಡನೆಯದು ಗೋಲ್ಡನ್ ಗೇಟ್ ಪಾರ್ಕಿನ ನೈರುತ್ಯ ಮೂಲೆಯ ಮರ್ಫಿ ಗಾಳಿಯಂತ್ರ. ‘ಎ ಜಿಟ್ನಿ ಇಲೋಪ್‌ಮೆಂಟ್’ ಚಿತ್ರದ ಕಾರು ಬೆನ್ನಟ್ಟುವ ದೃಶ್ಯದಲ್ಲಿ ಅದು ಕಾಣುತ್ತದೆ. ಸಮುದ್ರದ ಗಾಳಿ ಜೋರು, ಬೇಸಿಗೆಯಲ್ಲೂ ಸ್ವೆಟರ್ ಇರಲಿ.

ಲವ್‌ಲಾಕ್ ದೂರದ ಪಯಣ, ಫ್ರೀಮಾಂಟ್‌ನಿಂದ ಸುಮಾರು 500 ಕಿ.ಮೀ. 680 ಹಿಡಿದು 80ನೇ ಹೆದ್ದಾರಿಗೆ ಸೇರಿ, ಸ್ಯಾಕ್ರಮೆಂಟೋ ದಾಟಿ, 7,200 ಅಡಿ ಎತ್ತರದ ಡಾನರ್ ಘಟ್ಟ ಹತ್ತಿಳಿದು ರೀನೋ ಮುಟ್ಟಬೇಕು. ಚಳಿಗಾಲದಲ್ಲಿ ಹಿಮ ಬಿದ್ದರೆ ಘಟ್ಟದಲ್ಲಿ ಟೈರಿಗೆ ಸರಪಳಿ ಕಟ್ಟದ ಗಾಡಿಯನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಬಾಡಿಗೆ ಕಾರಾದರೆ ಸರಪಳಿ ಕಟ್ಟಲು ಕರಾರಿನಲ್ಲಿ ಅನುಮತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮೇನಿಂದ ಅಕ್ಟೋಬರ್ ಒಳಗೆ ಹೋಗುವುದು ಒಳ್ಳೆಯದು. ಫರ್ನ್‌ಲಿಯಲ್ಲಿ ಪೆಟ್ರೋಲ್, ನೀರು ತುಂಬಿಸಿಕೊಳ್ಳಿ. ಅಲ್ಲಿಂದಾಚೆ ಬರೀ ಉಪ್ಪು ಬಯಲು. ಎಡ್ನಾ 1895ರ ಅಕ್ಟೋಬರ್ 21ರಂದು ಹುಟ್ಟಿದ್ದು ಪ್ಯಾರಡೈಸ್ ವ್ಯಾಲಿಯಲ್ಲಿ. ಅದು ಲವ್‌ಲಾಕ್‌ನಿಂದ ಇನ್ನೂ ಸುಮಾರು 180 ಕಿ.ಮೀ. ಬಾಲ್ಯವೆಲ್ಲ ಲವ್‌ಲಾಕ್‌ನಲ್ಲೇ ಆದದ್ದರಿಂದ ಇಷ್ಟು ಸಾಕು. ಊರಿನ ದುಂಡು ಕೋರ್ಟ್ ಕಟ್ಟಡವನ್ನು ಎಲ್ಲರೂ ತೋರಿಸುತ್ತಾರೆ. ಚೆಂದವೇನೋ ಹೌದು, ಆದರೆ ಅದು ಎದ್ದದ್ದು ಎಡ್ನಾ 1913ರಲ್ಲಿ ಊರು ಬಿಟ್ಟ ಮೇಲೆ. ಆಕೆಯ ಕಾಲದ್ದು ಎಂದರೆ ಊರ ನಡುವೆ ಹಾದ ರೈಲು ಹಳಿ.

ಲಾಸ್ ಏಂಜಲಿಸ್‌ಗೆ ಬೇರೆಯೇ ಪ್ರವಾಸ ಹಾಕಿಕೊಳ್ಳಿ. ಹಾಲಿವುಡ್‌ನಲ್ಲಿ ಸನ್‌ಸೆಟ್ ಬುಲೆವಾರ್ಡ್‌ನ ತುಸು ದಕ್ಷಿಣಕ್ಕೆ, ಲಾ ಬ್ರಿಯಾ ರಸ್ತೆಯಲ್ಲಿ ಚಾಪ್ಲಿನ್ ಕಟ್ಟಿಸಿದ ಸ್ಟುಡಿಯೋ ಇಂದಿಗೂ ಇದೆ. ಇಂಗ್ಲಿಷ್ ಹಳ್ಳಿಮನೆಗಳ ಸಾಲಿನಂಥ ಮುಂಭಾಗ. ಒಳಗೆ ಬಿಡುವುದಿಲ್ಲ, ಎದುರಿನ ಕಾಲುದಾರಿಯಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ. ಎಡ್ನಾಗೆಂದೇ ಚಾಪ್ಲಿನ್ ನಿರ್ದೇಶಿಸಿದ ‘ಎ ವುಮನ್ ಆಫ್ ಪ್ಯಾರಿಸ್’ (1923) ಈ ಸ್ಟುಡಿಯೋದ್ದು. ರಾತ್ರಿ ನಿಲ್ದಾಣದಲ್ಲಿ ಆಕೆ ಒಬ್ಬರೇ ನಿಂತಿದ್ದಾರೆ, ರೈಲು ಬರುತ್ತದೆ. ಆದರೆ ರೈಲನ್ನು ತೋರಿಸುವುದೇ ಇಲ್ಲ. ಕಿಟಕಿಗಳಂತೆ ಕಂಡಿ ಕೊರೆದ ಹಲಗೆಯನ್ನು ದೀಪದ ಮುಂದೆ ಎಳೆದು, ಆ ಬೆಳಕು ನೆರಳನ್ನು ಆಕೆಯ ಮುಖದ ಮೇಲೆ ಓಡಿಸಿದರು. ಫ್ರಾನ್ಸಿನ ರೈಲು ಎಲ್ಲಿಂದ ತರುವುದು ಎಂಬ ತಾಪತ್ರಯದಿಂದ ಹುಟ್ಟಿದ ಉಪಾಯ ಅದು. ಇಡೀ ದೃಶ್ಯ ಆಕೆಯ ಮುಖವೊಂದರ ಮೇಲೆ ನಿಂತಿದೆ. ಮುಂದೊಮ್ಮೆ ಪ್ರಿಯಕರನ ಮೇಲಿನ ಸಿಟ್ಟಿಗೆ ಮುತ್ತಿನ ಸರವನ್ನು ಕಿಟಕಿಯಾಚೆ ಎಸೆಯುತ್ತಾರೆ, ಬೀದಿಯ ಅಲೆಮಾರಿ ಅದನ್ನು ಎತ್ತಿಕೊಂಡು ಹೊರಡುತ್ತಿದ್ದಂತೆ ಓಡಿಹೋಗಿ ಕಿತ್ತುಕೊಳ್ಳುತ್ತಾರೆ. ಸಿಟ್ಟು, ಆಸೆ, ನಾಚಿಕೆ ಮೂರೂ ಆ ಓಟದಲ್ಲಿವೆ.

ಜನ ಚಾಪ್ಲಿನ್ ಮುಖ ನೋಡಲು ಬಂದವರು. ಅವರಿಲ್ಲದ ಚಿತ್ರ ಓಡಲಿಲ್ಲ. 1924ರ ಹೊಸವರ್ಷದ ದಿನ ಎಡ್ನಾ ಇದ್ದ ಮನೆಯಲ್ಲಿ, ನಟಿ ಮೇಬಲ್ ನಾರ್ಮಂಡ್ ಅವರ ಡ್ರೈವರ್ ಮನೆಯೊಡೆಯನಿಗೆ ಗುಂಡು ಹಾರಿಸಿದ್ದು ಪತ್ರಿಕೆಗಳಿಗೆ ಆಹಾರವಾಯಿತು. ತಪ್ಪೇನೂ ಮಾಡದಿದ್ದರೂ ಆಕೆಯ ಹೆಸರು ಕೆಟ್ಟಿತು. 1926ರಲ್ಲಿ ಯೋಸೆಫ್ ಫಾನ್ ಸ್ಟರ್ನ್‌ಬರ್ಗ್ ನಿರ್ದೇಶನದಲ್ಲಿ ನಟಿಸಿದ ‘ಎ ವುಮನ್ ಆಫ್ ದಿ ಸೀ’ ತೆರೆ ಕಾಣಲೇ ಇಲ್ಲ. ತೆರಿಗೆ ಲೆಕ್ಕಕ್ಕಾಗಿ 1933ರಲ್ಲಿ ಅದರ ನೆಗೆಟಿವನ್ನು ಸಾಕ್ಷಿಗಳ ಎದುರು ಸುಟ್ಟರು. ಮೂಕಿಯುಗದ ನಷ್ಟಗಳಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಇದೇ. ಚಾಪ್ಲಿನ್ ಮಾತ್ರ ಆಕೆಯ ಹೆಸರನ್ನು ಸಂಬಳದ ಪಟ್ಟಿಯಿಂದ ತೆಗೆಯಲಿಲ್ಲ. 1958ರ ಜನವರಿಯಲ್ಲಿ ಆಕೆ ತೀರಿಕೊಳ್ಳುವವರೆಗೂ ಹಣ ಹೋಗುತ್ತಿತ್ತು.

ಸಮಾಧಿ ಗ್ಲೆಂಡೇಲ್‌ನ ಗ್ರ್ಯಾಂಡ್ ವ್ಯೂ ಸ್ಮಶಾನದಲ್ಲಿದೆ. ಗೇಟು ಎಲ್ಲ ದಿನವೂ ತೆರೆದಿರುವುದಿಲ್ಲ, ವಿಚಾರಿಸದೆ ಹೋಗಬೇಡಿ. ಹೊರಡುವ ಮುನ್ನ ‘ದಿ ಇಮಿಗ್ರಂಟ್’ (1917) ಒಂದನ್ನಾದರೂ ನೋಡಿಕೊಳ್ಳಿ, ಸರಿಯಾದ ವೇಗದಲ್ಲಿ ಮರುಸ್ಥಾಪಿಸಿದ ಪ್ರತಿಯನ್ನೇ ಹುಡುಕಿ. ಹೋಟೆಲಿನ ಮೇಜಿನಲ್ಲಿ ಎಡ್ನಾ ಕೈ ಎತ್ತಿದಾಗ ಹಿಡಿದ ಕರವಸ್ತ್ರಕ್ಕೆ ಕಪ್ಪು ಅಂಚು ಇರುತ್ತದೆ. ಆಕೆಯ ತಾಯಿ ಸತ್ತಿದ್ದಾಳೆಂದು ಚಾರ್ಲಿಗೂ ನಮಗೂ ಗೊತ್ತಾಗುವುದು ಅದರಿಂದಲೇ. ಮೊಬೈಲ್ ಪರದೆಯಲ್ಲಿ ಆ ಅಂಚು ಕಣ್ಣಿಗೆ ಬೀಳದೆ ಹೋಗಬಹುದು, ದೊಡ್ಡ ಟಿವಿಯಲ್ಲಿ ಹಾಕಿ.