ಸ್ಟ್ಯಾಂಡ್ ಸಮೇತ ತೂಗಿದರೆ ಪಾಸ್

ಮಾಚೇನಹಳ್ಳಿಯ ನಮ್ಮ ವರ್ಕ್‌ಶಾಪಿಗೆ ಎರಡನೇ ಲ್ಯಾಬಿನ ವರದಿ ಬಂತು. ಫೇಲ್!

ನಮ್ಮದು ಕಾಳುಮೆಣಸು ಬಿಡಿಸುವ ಪುಟ್ಟ ಮೆಷಿನ್. ಗೊಂಚಲು ಹಾಕಿದರೆ ಕಾಳು ಒಂದು ಕಡೆ, ದಂಟು ಒಂದು ಕಡೆ. ಬೆಂಗಳೂರಿನ ಒಂದು ಲ್ಯಾಬ್ ವಿದ್ಯುತ್ ಸುರಕ್ಷತೆಯ ಪರೀಕ್ಷೆಯಲ್ಲಿ ಅದನ್ನು ಆಗಲೇ ಪಾಸ್ ಮಾಡಿತ್ತು. ಹೊಸ ಡೀಲರ್ ತಾನು ಹೇಳಿದ ಲ್ಯಾಬಿನ ವರದಿಯೇ ಬೇಕು ಎಂದಿದ್ದಕ್ಕೆ ಅಲ್ಲಿಗೂ ಕಳಿಸಿದ್ದೆವು.

"ಮೆಷಿನ್ನಲ್ಲಿ ಏನಾದ್ರೂ ಬದಲಾಯ್ಸಿದ್ಯೇನಮ್ಮ?" ಎಂದು ಓನರ್ ಕೇಳಿದರು.

"ಇಲ್ಲ ಸಾರ್, ಅದೇ ಮೆಷಿನ್."

ಎರಡೂ ವರದಿ ಪಕ್ಕಪಕ್ಕ ಇಟ್ಟು ನೋಡಿದೆವು. ಲೀಕೇಜ್ ಕರೆಂಟ್, ಅಂದರೆ ಅರ್ತಿಂಗಿಗೆ ಸೋರುವ ಕರೆಂಟ್, ಎರಡರಲ್ಲೂ 1.1 ಮಿಲಿಆಂಪ್. ಮೋಟಾರಿನ ವೇಗ ಹೊಂದಿಸುವ ಡ್ರೈವಿನಲ್ಲಿ ಫಿಲ್ಟರ್ ಕೆಪಾಸಿಟರ್ ಇರುತ್ತವೆ. ಅವುಗಳಿಂದ ಅರ್ತಿಂಗಿಗೆ ಸ್ವಲ್ಪ ಕರೆಂಟ್ ಹರಿಯುವುದು ಮಾಮೂಲು. ವ್ಯತ್ಯಾಸ ಇದ್ದದ್ದು ಮಿತಿಯ ಕಾಲಮ್ಮಿನಲ್ಲಿ. ಒಬ್ಬರು 3.5 ಎಂದು ಬರೆದಿದ್ದರು, ಇನ್ನೊಬ್ಬರು 0.75.

ಫೋನ್ ಮಾಡಿದ ಮೇಲೆ ವಿಷಯ ಗೊತ್ತಾಯಿತು. ಮನೆಬಳಕೆಯಂಥ ವಿದ್ಯುತ್ ಉಪಕರಣಗಳ ಸುರಕ್ಷತೆಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 60335-1 ಪ್ರಕಾರ, ಅರ್ತಿಂಗ್ ಇರುವ ಮೋಟಾರ್ ಉಪಕರಣ ಒಂದೇ ಕಡೆ ನಿಲ್ಲುವಂಥದ್ದಾದರೆ 3.5 ಮಿಲಿಆಂಪ್ ತನಕ ನಡೆಯುತ್ತದೆ. ಎತ್ತಿಕೊಂಡು ಹೋಗುವಂಥದ್ದಾದರೆ 0.75 ದಾಟಬಾರದು. ಎಲ್ಲೂ ಬಿಗಿಯದ ಉಪಕರಣ 18 ಕೆಜಿಗಿಂತ ಕಡಿಮೆ ಇದ್ದರೆ ಅದು ಎತ್ತಿಕೊಂಡು ಹೋಗುವ ಲೆಕ್ಕ. ಮೊದಲನೆಯವರು ಸ್ಟ್ಯಾಂಡ್ ಸಮೇತ ತೂಗಿದ್ದರು, 20 ಕೆಜಿ. ಎರಡನೆಯವರು ಸ್ಟ್ಯಾಂಡ್ ಬಿಚ್ಚಿ ತೂಗಿದ್ದರು, 16.

"ಟೇಬಲ್ ಮೇಲಿಟ್ಟೂ ಓಡಿಸ್ಬಹುದು ಅಂತ ನಿಮ್ಮ ಮ್ಯಾನುಯಲ್ಲಲ್ಲೇ ಇದೆಯಲ್ಲ ಮೇಡಂ" ಎಂದರು ಎರಡನೇ ಲ್ಯಾಬಿನ ಎಂಜಿನಿಯರ್.

ನನಗೆ ಸಿಟ್ಟು ಬಂದಿದ್ದು ಫೇಲ್ ಆಗಿದ್ದಕ್ಕಲ್ಲ. ಎರಡೂ ಲ್ಯಾಬಿಗೆ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್ ಮಾನ್ಯತೆ ಇದೆ, ಮೀಟರುಗಳೂ ಸರಿ ಇವೆ. ಆದರೆ ಸ್ಟ್ಯಾಂಡ್ ಸೇರಿಸಬೇಕೋ ಬೇಡವೋ ಎಂದು ಯಾರೂ ಒಂದು ಮಾತು ಕೇಳಲಿಲ್ಲ. ಹೇಗೆ ತೂಗಿದೆವು ಎಂದು ವರದಿಯಲ್ಲಾದರೂ ಬರೆಯಬಹುದಿತ್ತು, ಅಲ್ವಾ?

ಹಾಗಂತ, ನನ್ನನ್ನು ಕೇಳಿದರೆ ಫೇಲ್ ಮಾಡಿದವರದೇ ಸರಿ. ನಮ್ಮ ಕಡೆ ಸಗಣಿ ಸಾರಿಸಿದ ಅಂಗಳದಲ್ಲಿ, ಬರಿಗಾಲಲ್ಲಿ ನಿಂತು ಇದನ್ನು ಓಡಿಸುತ್ತಾರೆ. ಹಳೇ ಮನೆಗಳಲ್ಲಿ ಅರ್ತಿಂಗ್ ಇದ್ದರೆ ಪುಣ್ಯ. ಅದು ಕಟ್ ಆಗಿದ್ದರೆ ಆ ಕರೆಂಟ್ ಹೋಗುವುದು ಮುಟ್ಟಿದವರ ಮೈಯಿಂದಲೇ.

ಓನರ್ ಬೇರೆಯೇ ದಾರಿ ಹುಡುಕಿದರು. ನೆಲಕ್ಕೆ ಬಿಗಿದ ಉಪಕರಣಕ್ಕೆ ತೂಕದ ಪ್ರಶ್ನೆಯೇ ಇಲ್ಲ. ಸ್ಟ್ಯಾಂಡಿನ ಕಾಲಿಗೆ ತೂತು ಕೊರೆಸಿದರು. ಟೇಬಲ್ ಮಾತು ತೆಗೆದು, ‘ಬೋಲ್ಟ್ ಹಾಕಿ ನೆಲಕ್ಕೆ ಬಿಗಿಯಬೇಕು’ ಎಂದು ಮ್ಯಾನುಯಲ್ಲಿಗೆ ಸೇರಿಸಿದರು. ಫೇಲ್ ಮಾಡಿದ್ದ ಅದೇ ಲ್ಯಾಬ್ ಪಾಸ್ ಮಾಡಿತು. ಮೀಟರ್ ತೋರಿಸಿದ್ದು ಮಾತ್ರ ಅದೇ 1.1.

ತೀರ್ಥಹಳ್ಳಿ ಕಡೆಯ ಗಿರಾಕಿಗಳು ಈಗಲೂ ಅದನ್ನು ಓಮ್ನಿಯಲ್ಲಿ ಹಾಕಿಕೊಂಡು ಮನೆಮನೆಗೆ ಒಯ್ಯುತ್ತಾರೆ. ಲೀಕೇಜ್ ಕಡಿಮೆ ಇರುವ ಫಿಲ್ಟರ್ ಹಾಕೋಣ ಸಾರ್ ಎಂದು ನಾನು ಹೇಳುತ್ತಲೇ ಇದ್ದೇನೆ. "ಪಾಸ್ ಆಯ್ತಲ್ಲಮ್ಮ, ಸುಮ್ನೆ ಖರ್ಚು ಯಾಕೆ?" ಎನ್ನುತ್ತಾರೆ.